ನಿಮಗಿದು ಗೊತ್ತೇ? ಕೃತಿಚೌರ್ಯಕ್ಕೂ ಲೆಕ್ಕವಿದೆ

ಪಿಎಚ್‌.ಡಿ. ಪ್ರಬಂಧದಲ್ಲಿ ಬೇರೆಯವರ ಬರಹವನ್ನು ಹೋಲುವ ಭಾಗ ಶೇ 60 ದಾಟಿದರೆ ನೋಂದಣಿಯೇ ರದ್ದು! ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮವಿದು. ಶೇ 10ರವರೆಗೆ ದಂಡವಿಲ್ಲ. 40ರೊಳಗಿದ್ದರೆ ಹೆಚ್ಚೆಂದರೆ ಆರು ತಿಂಗಳಲ್ಲಿ ತಿದ್ದಿ ಕೊಡಬೇಕು. 60ರೊಳಗಿದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ.

ಮೇಷ್ಟ್ರುಗಳಿಗೂ ವಿನಾಯಿತಿ ಇಲ್ಲ. ಅಧ್ಯಾಪಕರ ಲೇಖನದಲ್ಲಿ ಶೇ 60ಕ್ಕಿಂತ ಹೆಚ್ಚು ನಕಲು ಕಂಡರೆ ಲೇಖನ ವಾಪಸ್, ಸತತ ಎರಡು ವಾರ್ಷಿಕ ವೇತನ ಬಡ್ತಿಗೆ ಕತ್ತರಿ. ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ.

ಎಲ್ಲ ಹೋಲಿಕೆಯೂ ಕಳ್ಳತನವಲ್ಲ. ರಾಮನಗರದ ಬಂಡೆಗಳನ್ನೇ ನೋಡಿ. ಈ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಮಾಗಡಿಯ ಸಾವನದುರ್ಗವೂ ಅದೇ ಶಿಲೆ, ವಯಸ್ಸು ಸುಮಾರು 250 ಕೋಟಿ ವರ್ಷ. ಇದು ಎಲ್ಲರಿಗೂ ತಿಳಿದ ಸಂಗತಿ, ಬರೆಯಲು ಯಾರ ಅಪ್ಪಣೆಯೂ ಬೇಡ. ಆದರೆ ಆ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆದವರ ಅಂಕಿಗಳನ್ನು, ಅವರ ವಾದವನ್ನು ಬಳಸಿದರೆ ಅವರ ಹೆಸರು ಬರಲೇಬೇಕು. ಸಾಮಾನ್ಯ ತಿಳಿವಳಿಕೆಯ ಮಾತು, ಆಕಸ್ಮಿಕವಾಗಿ ಕೂಡಿಬಂದ ಪದಗಳು ಸತತವಾಗಿ 14ರವರೆಗೆ ಇದ್ದರೆ ಯುಜಿಸಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗ್ರಂಥಸೂಚಿ, ಪರಿವಿಡಿ, ಮುನ್ನುಡಿಗಳೂ ಲೆಕ್ಕದಿಂದ ಹೊರಗೆ.

ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ತನ್ನದೆಂದರೆ? ಅದೂ ಕೃತಿಚೌರ್ಯವೇ. ಪದಗಳಷ್ಟೇ ಅಲ್ಲ, ಇನ್ನೊಬ್ಬರ ವಿಚಾರವನ್ನು ತನ್ನದೆಂದು ಹೇಳಿಕೊಳ್ಳುವುದೂ ನಿಯಮದ ವ್ಯಾಖ್ಯೆಯೊಳಗಿದೆ. ಹೋಲಿಕೆ ಪತ್ತೆಹಚ್ಚುವ ತಂತ್ರಾಂಶದಲ್ಲಿ ಶೇ 8 ಬಂತೆಂದು ನಿಶ್ಚಿಂತರಾಗುವವರು ಇದನ್ನು ಮರೆಯುತ್ತಾರೆ.

ಪದ ಕದಿಯದೆಯೂ ಕಳಂಕ ತಗಲುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ (ಎನ್‌ಸಿಬಿಎಸ್) 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂದ ಪ್ರಬಂಧವೊಂದನ್ನು ಮರುವರ್ಷವೇ ಹಿಂಪಡೆಯಬೇಕಾಯಿತು. ಪ್ರಯೋಗದ ಚಿತ್ರಗಳನ್ನು ತಿರುಚಿದ್ದನ್ನು ಓದುಗ ವಿಜ್ಞಾನಿಗಳೇ ಪತ್ತೆಹಚ್ಚಿದ್ದರು.

ಈಗ ರಾಮನಗರದ ಜಾನಪದ ಲೋಕಕ್ಕೆ ಬನ್ನಿ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಈ ಸಂಸ್ಥೆ ಜಿಲ್ಲೆಯ ಹೆಮ್ಮೆ. ಜಾನಪದ ಸಂಶೋಧನೆಯಲ್ಲಿ ಹಾಡಿದವರನ್ನು ‘ವಕ್ತೃ’ ಎನ್ನುತ್ತಾರೆ. ಅವರ ಹೆಸರು, ಊರು, ಹಾಡಿದ ದಿನ ದಾಖಲಾಗಬೇಕು ಎಂಬುದು ಕ್ಷೇತ್ರಕಾರ್ಯದ ಮೊದಲ ಪಾಠ. ಕನಕಪುರದ ಹಳ್ಳಿಯ ಅಜ್ಜಿ ರಾಗಿ ಬೀಸುತ್ತಾ ಹಾಡಿದ್ದನ್ನು ‘ಸಂಗ್ರಹ’ ಎಂಬ ಒಂದೇ ಮಾತಿನಡಿ ಮುಚ್ಚಿಟ್ಟು, ತಮ್ಮ ಹೆಸರನ್ನು ಮಾತ್ರ ಮುಖಪುಟಕ್ಕೆ ಹಾಕಿಕೊಳ್ಳುವುದು ಅನ್ಯಾಯ. ಯಾವ ತಂತ್ರಾಂಶವೂ ಇದನ್ನು ಹಿಡಿಯುವುದಿಲ್ಲ.

ಕೈಕಸುಬಿಗೂ ಇದೇ ಮಾತು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಕಾನೂನು ರಕ್ಷಣೆಯಿದೆ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿ ಹಿಡಿದು ಹೊಳಪು. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಕೆಲಸಗಾರರ ಕೈಗಷ್ಟೇ ಗೊತ್ತು. ಅದನ್ನು ಕೇಳಿ ಬರೆದುಕೊಂಡ ಸಂಶೋಧಕರು, ಅವರು ಒಪ್ಪಿದರೆ, ಅವರ ಹೆಸರನ್ನೂ ಬರೆಯಬೇಕು.

ಪ್ರಬಂಧ ಸಲ್ಲಿಸುವ ಮುನ್ನ ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಹಾಗಾಗಿ ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಬೆನ್ನು ಹತ್ತಬೇಡಿ.

ಪ್ರತಿ ವಿಭಾಗದಲ್ಲೂ ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿ ಇರಬೇಕೆನ್ನುತ್ತದೆ ಅದೇ 2018ರ ನಿಯಮ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಸಂಶೋಧನೆಗೆ ಹೊರಟಿರುವ ಮಕ್ಕಳೇ, ನಿಮ್ಮ ವಿಭಾಗದಲ್ಲಿ ಆ ಸಮಿತಿ ಇದೆಯೇ ಎಂದು ಮೊದಲ ವಾರವೇ ವಿಚಾರಿಸಿ.