ರಾಗಿಮುದ್ದೆ ಮೆಚ್ಚಿದ ಬಿಳಿಮೀನು

ದೂರದ ಕಡಲತೀರಗಳಲ್ಲಿ ಮೊಣಕಾಲುದ್ದದ ನೀರಿಗಿಳಿದು, ಹಕ್ಕಿಯ ಗರಿಯಿಂದ ಹೆಣೆದ ಹುಸಿಹುಳುವನ್ನು ಗಾಳಕ್ಕೆ ಕಟ್ಟಿ ಮೀನು ಹಿಡಿಯುವವರಿದ್ದಾರೆ. ಕಾವೇರಿಯ ಗಾಳಗಾರರು ನೆಚ್ಚಿದ್ದು ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು. ಲೋಕವು ಮಹಶೀರ್ ಎನ್ನುವ ಬಿಳಿಮೀನಿಗೂ ನಮ್ಮಂತೆಯೇ ಮುದ್ದೆ ರುಚಿಸಿತ್ತು!

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಐದನೆಯ ತರಗತಿಯ ಇಬ್ಬರು ಮಕ್ಕಳನ್ನು ಒಟ್ಟಿಗೆ ತೂಗಿದಷ್ಟು. ಗೂನುಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ ಇದರ ಗುರುತು. ಇಷ್ಟು ಹೆಸರಾಂತ ಮೀನಿನ ಶಾಸ್ತ್ರೀಯ ನಾಮ ಟಾರ್ ರೆಮಾದೇವಿ ಎಂಬುದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಗೂ ಸೇರಿಸಬೇಕಾಯಿತು.

ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ ಇದಕ್ಕೆ ಕಾರಣವೆಂಬುದು ಊಹಿಸಬಹುದಾದದ್ದೇ. ಆದರೆ ಸದುದ್ದೇಶದಿಂದಲೂ ಕೇಡಾಯಿತು. ಲೋಣಾವಳಾದಲ್ಲಿ ಬೆಳೆಸಿ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಸಂತತಿಯೇ ಕಾವೇರಿಯನ್ನು ತುಂಬಿಕೊಂಡು, ಮೂಲ ನಿವಾಸಿಯನ್ನು ಮೂಲೆಗೆ ತಳ್ಳಿತು.

ಗೂನುಬೆನ್ನಿನ ಮೀನಿಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಮುಖ್ಯವಾದುದು ಮೋಯಾರ್. ತಾಳವಾಡಿಯ ದಕ್ಷಿಣಕ್ಕೆ, ಬೆಟ್ಟದ ಕೆಳಗಿನ ಕಣಿವೆಯಲ್ಲಿ ಭವಾನಿಸಾಗರದತ್ತ ಹರಿಯುವ ನಮ್ಮ ನೆರೆಯ ಹೊಳೆ ಅದು. ಸುತ್ತಲೂ ಹುಲಿ ಸಂರಕ್ಷಿತ ಅರಣ್ಯವಿರುವುದರಿಂದ ಅಲ್ಲಿ ಗಾಳ ಹಾಕುವಂತಿಲ್ಲ, ರಾಗಿಮುದ್ದೆಯದಾದರೂ ಸರಿಯೇ.