ಚಂದ್ರನ ಮೇಲೆ ಮಣ್ಣಿನ ಮನೆ

ನಿಮ್ಮ ಊರಲ್ಲಿ ಹಳೇ ಮಣ್ಣಿನ ಮನೆ ಇನ್ನೂ ಇದೆಯಾ? ಇದ್ದರೆ ಅದರ ಗೋಡೆ ಎಷ್ಟು ದಪ್ಪ ಅಂತ ಒಮ್ಮೆ ನೋಡಿ. ದಪ್ಪ ಗೋಡೆ ಇರುವುದರಿಂದಲೇ ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆ ಮನೆ ಕಟ್ಟಿದವರು ದೂರದಿಂದ ಏನನ್ನೂ ತರಲಿಲ್ಲ. ಹತ್ತಿರದ ಮಣ್ಣು ತೆಗೆದು, ನೀರು ಹಾಕಿ, ಹುಲ್ಲು ಸೇರಿಸಿ, ಕಾಲಲ್ಲಿ ತುಳಿದು ಗೋಡೆ ಎಬ್ಬಿಸಿದರು.

ಚಂದ್ರನ ಮೇಲೆ ಮನೆ ಕಟ್ಟಬೇಕು ಅನ್ನುವ ವಿಜ್ಞಾನಿಗಳೂ ಈಗ ಇದನ್ನೇ ಹೇಳುತ್ತಿದ್ದಾರೆ. ಅಲ್ಲಿನ ಮನೆಗೆ ಅಲ್ಲಿನ ಮಣ್ಣೇ ಆಗಬೇಕು.

ಯಾಕೆ ಗೊತ್ತಾ? ಸಾಗಾಣಿಕೆ ಖರ್ಚು. ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ತೂಕದ ಸಾಮಾನನ್ನು ಆಕಾಶಕ್ಕೆ ಕಳಿಸಲು ಸುಮಾರು 7.5 ಲಕ್ಷ ರೂಪಾಯಿ ಬೇಕು ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2020ರಲ್ಲಿ ಹೇಳಿದ್ದರು. ಒಂದು ಇಟ್ಟಿಗೆ ಎಷ್ಟು ತೂಕ ಬರುತ್ತೆ ಅಂತ ನಿಮಗೆ ಗೊತ್ತು. ನೀವೇ ಲೆಕ್ಕ ಹಾಕಿ.

ಅಲ್ಲಿ ಮನೆಯಿಲ್ಲದೆ ಇರೋದಕ್ಕೂ ಆಗಲ್ಲ. ಉಸಿರಾಡೋಕೆ ಗಾಳಿ ಇಲ್ಲ. ಹಗಲು ಅಂದ್ರೆ ನಮ್ಮ 14 ದಿನ, ರಾತ್ರಿ ಅಂದ್ರೆ ಇನ್ನೊಂದು 14 ದಿನ. ಹಗಲು ಸುಡುತ್ತದೆ, ರಾತ್ರಿ ಕೊರೆಯುತ್ತದೆ. ಆದರೆ ಅಲ್ಲಿನ ಮಣ್ಣು ಶಾಖವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಇದನ್ನು ನಮ್ಮ ಚಂದ್ರಯಾನ-3 ಅಳೆದು ನೋಡಿತು. ಅದು ಅಲ್ಲಿ ಇಳಿದದ್ದು 2023ರ ಆಗಸ್ಟ್ 23ರಂದು. ನೆಲದ ಮೇಲೆ 50 ಡಿಗ್ರಿಗೂ ಹೆಚ್ಚು ಬಿಸಿ ಇತ್ತು. ಬರೀ 8 ಸೆಂಟಿಮೀಟರ್ ಕೆಳಗೆ, ಅಂದ್ರೆ ನಾಲ್ಕು ಬೆರಳಿನಷ್ಟು ಆಳದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕಡಿಮೆ! ಅಂಥ ಮಣ್ಣನ್ನು ದಪ್ಪವಾಗಿ ಹೊದಿಸಿದರೆ ಮನೆಗೆ ಅದಕ್ಕಿಂತ ಒಳ್ಳೆ ಕಂಬಳಿ ಬೇಕಾ?

ಆದರೆ ಅದು ನಮ್ಮ ಹೊಲದ ಮಣ್ಣಿನ ಹಾಗಲ್ಲ. ಅಲ್ಲಿ ಗಾಳಿ ಬೀಸಲ್ಲ, ನೀರು ಹರಿಯಲ್ಲ. ಹಾಗಾಗಿ ಮಣ್ಣಿನ ಕಣಗಳು ಸವೆದು ದುಂಡಗಾಗಿಲ್ಲ. ಒಡೆದ ಗಾಜಿನ ಪುಡಿಯಂತೆ ಚೂಪಾಗಿವೆ. 1969ರಿಂದ 1972ರವರೆಗೆ ಅಲ್ಲಿ ಓಡಾಡಿದ ಅಮೆರಿಕದವರ ಬಟ್ಟೆಗೆಲ್ಲ ಆ ದೂಳು ಅಂಟಿತ್ತು. ಅವರಲ್ಲಿ ಒಬ್ಬರಿಗೆ ಸೀನು, ಮೂಗು ಕಟ್ಟುವುದು ಶುರುವಾಯಿತು. ಅವರು ತಂದ ಕಲ್ಲು, ಮಣ್ಣು ಎಲ್ಲಾ ಸೇರಿ 382 ಕಿಲೋ. ಅದನ್ನು ಇಟ್ಟಿಗೆ ಮಾಡಿ ನೋಡಲು ಕೊಡ್ತಾರಾ? ಇಲ್ಲ. ಅದಕ್ಕೇ ಭೂಮಿಯಲ್ಲೇ ಅದರಂಥ ಮಣ್ಣು ತಯಾರಿಸಬೇಕಾಯಿತು.

ಅದಕ್ಕೆ ಬೇಕಾದ ಕಲ್ಲು ಸಿಕ್ಕಿದ್ದು ನಮಗೆ ಹತ್ತಿರದಲ್ಲೇ. ಹೊಸೂರಿನಿಂದ ದೊಡ್ಡ ರಸ್ತೆ ಹಿಡಿದು ಕೃಷ್ಣಗಿರಿ, ಧರ್ಮಪುರಿ, ಸೇಲಂ ದಾಟಿದರೆ ನಾಮಕ್ಕಲ್ ಜಿಲ್ಲೆ. ಅಲ್ಲಿನ ಸಿತ್ತಂಪೂಂಡಿ, ಕುನ್ನಮಲೈ ಊರುಗಳಲ್ಲಿ ಚಂದ್ರನ ಕಲ್ಲನ್ನೇ ಹೋಲುವ ಬಿಳಿ ಛಾಯೆಯ ಒಂದು ಕಲ್ಲಿದೆ. ಅದರ ಹೆಸರು ಅನಾರ್ಥೊಸೈಟ್. ಇಸ್ರೋದವರು ಅದನ್ನು ಪುಡಿ ಮಾಡಿಸಿ, ಟನ್ನುಗಟ್ಟಲೆ ಬೆಂಗಳೂರಿಗೆ ತರಿಸಿದರು. ಚಂದ್ರನ ಗಾಡಿಯನ್ನು ಮೊದಲು ಅದರ ಮೇಲೆಯೇ ಓಡಿಸಿ ನೋಡಿದರು.

ಇನ್ನು ಇಟ್ಟಿಗೆ. 2020ರಲ್ಲಿ ವಿಜ್ಞಾನ ಸಂಸ್ಥೆಯವರು, ಇಸ್ರೋದವರು ಸೇರಿ ಇಂಥ ಮಣ್ಣಿನಿಂದ ಇಟ್ಟಿಗೆ ಮಾಡಿದರು. ಗೂಡಿಗೆ ಹಾಕಿ ಸುಡಲೇ ಇಲ್ಲ! ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುತ್ತದಲ್ಲ, ಸುಮಾರು ಹಾಗೆ. ಮಣ್ಣಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಒಂದು ಜಾತಿಯ ಸೂಕ್ಷ್ಮಜೀವಿಯನ್ನು ಅದಕ್ಕೆ ಬೆರೆಸಿದರು. ಜೊತೆಗೆ ಯೂರಿಯಾ ಮತ್ತು ಕ್ಯಾಲ್ಸಿಯಂ. ಹೌದು, ನೀವು ಅಂಗಡಿ ಮುಂದೆ ಸಾಲು ನಿಂತು ತರುವ ಅದೇ ಯೂರಿಯಾ. ಅದು ಮನುಷ್ಯರ ಮೂತ್ರದಲ್ಲೂ ಇದೆ. ಹಾಗಾಗಿ ಚಂದ್ರನಿಗೆ ಹೋದವರಿಗೆ ಅದರ ಕೊರತೆ ಬರಲ್ಲ! ಸೂಕ್ಷ್ಮಜೀವಿ ಯೂರಿಯಾವನ್ನು ಒಡೆಯುತ್ತದೆ. ಆಗ ಕ್ಯಾಲ್ಸಿಯಂ ಸೇರಿ, ಮಣ್ಣಿನ ಕಣಗಳ ನಡುವೆ ಸುಣ್ಣದ ಕಲ್ಲಿನಂಥ ಹರಳು ಕಟ್ಟುತ್ತದೆ. ಅಷ್ಟೇ ಆದರೆ ಇಟ್ಟಿಗೆ ಸಾಕಷ್ಟು ಗಟ್ಟಿ ಬರಲಿಲ್ಲ. ಗೋರಿಕಾಯಿ ಬೀಜದ ಅಂಟು ಹಾಕಿದ ಮೇಲೆ ಗಟ್ಟಿಯಾಯಿತು. ಪಲ್ಯ ಮಾಡ್ತೀವಲ್ಲ, ಅದೇ ಗೋರಿಕಾಯಿ.

ಇಟ್ಟಿಗೆ ಒಂದಿದ್ದರೆ ಮನೆ ಆಗಲ್ಲ. ಹೊರಗೆ ಗಾಳಿ ಇಲ್ಲ, ಒಳಗೆ ಗಾಳಿ ತುಂಬಬೇಕು. ಆ ಗಾಳಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಸಣ್ಣ ಸಂದು ಸಿಕ್ಕರೂ ಸೋರಿಹೋಗುತ್ತದೆ. ಅದಕ್ಕೇ ಯುರೋಪಿನವರು 2013ರಲ್ಲಿ ಬೇರೆ ನಕ್ಷೆ ತೋರಿಸಿದರು. ಒಳಗೆ ಬಲೂನಿನಂತೆ ಊದಿದ ಗುಡಾರ, ಅದರ ಮೇಲೆ ಮಣ್ಣಿನ ದಪ್ಪ ಹೊದಿಕೆ. ನನಗೆ ಈ ದಾರಿಯೇ ಸರಿ ಅನ್ನಿಸುತ್ತದೆ.

ಬಿಸಿ, ಚಳಿ ಇಷ್ಟು ಏರಿಳಿದರೆ ಇಟ್ಟಿಗೆ ಬಿರುಕು ಬಿಡುತ್ತದೆ. 2025ರಲ್ಲಿ ವಿಜ್ಞಾನ ಸಂಸ್ಥೆಯವರು ಅದಕ್ಕೂ ಆ ಸೂಕ್ಷ್ಮಜೀವಿಯನ್ನೇ ಹಿಡಿದರು. ಅದನ್ನು ಮಣ್ಣು, ಅಂಟಿನ ಜೊತೆ ಕಲಸಿ ಬಿರುಕಿಗೆ ತುಂಬಿದರು. ಕೆಲವು ದಿನದಲ್ಲಿ ಬಿರುಕು ಮುಚ್ಚಿ, ಇಟ್ಟಿಗೆಗೆ ಕಳೆದುಹೋದ ಬಲ ಸ್ವಲ್ಪ ಮರಳಿತು.

ಇದೆಲ್ಲ ಆಗಿರುವುದು ಭೂಮಿಯ ಮೇಲೆ, ಪ್ರಯೋಗಶಾಲೆಯಲ್ಲಿ. ಕಲಸೋಕೆ ನೀರು ಬೇಕಲ್ಲ? ಚಂದ್ರನ ಎರಡು ತುದಿಗಳಲ್ಲಿ, ಬಿಸಿಲೇ ಬೀಳದ ಹಳ್ಳಗಳಲ್ಲಿ ನೀರು ಮಂಜುಗಡ್ಡೆಯಾಗಿ ನಿಂತಿದೆ. ಅದನ್ನು ಅಗೆದು ತೆಗೆಯುವ ಕೆಲಸ ಇನ್ನೂ ಯಾರಿಂದಲೂ ಆಗಿಲ್ಲ.