ನಿಮಗಿದು ಗೊತ್ತೇ? ಅವನ ಮೆಸೇಜು, ಅವಳ ಮೆಸೇಜು

ಬೆಂಗಳೂರಿನಿಂದ ರಸ್ತೆ ಹಿಡಿದು ಚೆನ್ನೈಗೆ ಹೊರಟರೆ ಶ್ರೀಪೆರುಂಬುದೂರು, ಪೂನಮಲ್ಲಿ ದಾಟಿದ ಮೇಲೆ ಸಿಗುವ ಊರು ಪೋರೂರು. ಒಂದು ಕಡೆ ಕೆರೆ, ಇನ್ನೊಂದು ಕಡೆ ಶ್ರೀ ರಾಮಚಂದ್ರ ಆಸ್ಪತ್ರೆ, ಪಕ್ಕದ ಮಣಪಾಕ್ಕಂನಲ್ಲಿ ಐಟಿ ಕಂಪನಿಗಳ ಸಾಲು. ಕೆಲಸಕ್ಕೋ ಓದಿಗೋ ಚಿಕಿತ್ಸೆಗೋ ಇಲ್ಲಿಗೆ ಬಂದ ಕನ್ನಡಿಗರು ಊರಿನವರನ್ನು ದಿನವೂ ಮುಟ್ಟುವುದು ಮೆಸೇಜಿನ ಮೂಲಕ. ಮಗ ‘ಹ್ಞೂಂ’ ಅಂತ ಕಳಿಸಿ ಮುಗಿಸುತ್ತಾನೆ, ಮಗಳು ಊಟ, ಬಸ್ಸು, ಮಳೆ ಎಲ್ಲ ಬರೆಯುತ್ತಾಳೆ ಎನ್ನುವುದು ಮನೆಮನೆಯ ಮಾತು. ಇದರಲ್ಲಿ ನಿಜ ಎಷ್ಟು, ನಂಬಿಕೆ ಎಷ್ಟು? ಒಂದೊಂದಾಗಿ ನೋಡೋಣ.

ಟೆಲಿಗ್ರಾಂನಿಂದ ಮಿಸ್ಡ್ ಕಾಲಿನವರೆಗೆ

● ಪೋರೂರಿಗೆ ಬಂದು ಸೇರುವ ಆರ್ಕಾಟ್ ರಸ್ತೆಯಲ್ಲೇ ವಡಪಳನಿಯ ಹಳೆಯ ಸಿನಿಮಾ ಸ್ಟುಡಿಯೋಗಳಿದ್ದವು. 1960ರ ದಶಕದಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದ್ರಾಸಿನಲ್ಲೇ. ಅಲ್ಲಿದ್ದ ಕಲಾವಿದರಿಗೂ ತಂತ್ರಜ್ಞರಿಗೂ ಊರಿನ ಸುದ್ದಿ ಮುಟ್ಟುತ್ತಿದ್ದುದು ಇನ್‌ಲೆಂಡ್ ಪತ್ರ, ಟ್ರಂಕ್ ಕಾಲ್, ಟೆಲಿಗ್ರಾಂಗಳಿಂದ.

● ಟೆಲಿಗ್ರಾಂನಲ್ಲಿ ಪದಕ್ಕೆ ಇಷ್ಟು ಎಂದು ದುಡ್ಡು. ಮದುವೆ, ಹಬ್ಬದ ಶುಭಾಶಯಗಳಿಗಂತೂ ಅಂಚೆ-ತಂತಿ ಇಲಾಖೆಯೇ ಸಿದ್ಧ ವಾಕ್ಯಗಳಿಗೆ ನಂಬರು ಕೊಟ್ಟಿತ್ತು. ಹೆಣ್ಣು ಕಳಿಸಿದ್ದೋ ಗಂಡು ಕಳಿಸಿದ್ದೋ ಎಂದು ಬರವಣಿಗೆಯಿಂದ ತಿಳಿಯುವಷ್ಟು ಜಾಗ ಅದರಲ್ಲಿರಲಿಲ್ಲ. 2013ರ ಜುಲೈ 14ರ ರಾತ್ರಿ ಭಾರತದಲ್ಲಿ ಈ ಸೇವೆ ನಿಂತಿತು.

● ಜಗತ್ತಿನ ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಕಂಪ್ಯೂಟರಿನಿಂದ ವೊಡಾಫೋನಿನ ರಿಚರ್ಡ್ ಜಾರ್ವಿಸ್‌ಗೆ ‘ಮೆರಿ ಕ್ರಿಸ್‌ಮಸ್’ ಎಂದು ಕಳಿಸಿದರು. ಗಂಡಸಿನಿಂದ ಗಂಡಸಿಗೆ ಹೋದ ಆ ಮೆಸೇಜಿನಲ್ಲಿದ್ದದ್ದು ಎರಡೇ ಪದ. ಅದಕ್ಕೆ ಉತ್ತರ ಬರಲಿಲ್ಲ. ಉತ್ತರ ಟೈಪ್ ಮಾಡುವ ಅನುಕೂಲವೇ ಆ ಫೋನಿನಲ್ಲಿರಲಿಲ್ಲ!

● ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಮಿತಿ ಬಂದದ್ದು ಹೇಗೆ? ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರಲ್ಲಿ ತಮಗೆ ತೋಚಿದ ವಾಕ್ಯಗಳನ್ನೆಲ್ಲ ಟೈಪ್ ಮಾಡಿ ಎಣಿಸಿದರು. ಹೆಚ್ಚಿನವು 160ರೊಳಗೇ ಮುಗಿದವು. ಪೋಸ್ಟ್ ಕಾರ್ಡುಗಳಲ್ಲಿ ಜನ ಬರೆಯುವುದೂ ಅಷ್ಟರಲ್ಲೇ ಎಂದು ಕಂಡಮೇಲೆ ಆ ಮಿತಿ ಗಟ್ಟಿಯಾಯಿತು.

● ಕನ್ನಡದಲ್ಲಿ ಬರೆದರೆ ಮಿತಿ 160 ಅಲ್ಲ, ಬರೀ 70! ಒತ್ತು, ಗುಣಿತದ ಗುರುತುಗಳೂ ಬೇರೆಬೇರೆಯಾಗಿ ಲೆಕ್ಕಕ್ಕೆ ಸೇರುತ್ತವೆ. ಮೂರು ಅಕ್ಷರದ ‘ಪುರುಷ’ ಹಿಡಿಯುವುದು 5 ಜಾಗ, ಒಂದೇ ಅಕ್ಷರದ ‘ಸ್ತ್ರೀ’ ಹಿಡಿಯುವುದು 6 ಜಾಗ. ಮಿತಿ ದಾಟಿದರೆ ಒಂದು ಮೆಸೇಜು ಎರಡಾಗಿ ದುಡ್ಡೂ ಎರಡು ಪಾಲು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಬೆಳೆದುದಕ್ಕೆ ಇದೂ ಒಂದು ಕಾರಣ.

● ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ಹೋಯಿತು. ಆಗ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ‘ಮಿಸ್ಡ್ ಕಾಲ್’ ಎಂಬ ಕಾಸಿಲ್ಲದ ಮೆಸೇಜು ಮನೆಮಾತಾಯಿತು.

● ಮಿಸ್ಡ್ ಕಾಲಿಗೂ ಗಂಡು-ಹೆಣ್ಣಿನ ನಿಯಮವಿದೆ! ಆಫ್ರಿಕಾದಲ್ಲಿ ಇದನ್ನು ಅಧ್ಯಯನ ಮಾಡಿದ ಜೊನಾಥನ್ ಡೋನರ್ 2007ರಲ್ಲಿ ಬರೆದ ಪ್ರಕಾರ, ಹೆಚ್ಚು ದುಡ್ಡಿದ್ದವರೇ ತಿರುಗಿ ಕರೆ ಮಾಡಬೇಕು. ಹುಡುಗಿಯ ಮನ ಗೆಲ್ಲಲು ಹೊರಟ ಹುಡುಗ ಮಾತ್ರ ಅವಳಿಗೆ ಮಿಸ್ಡ್ ಕಾಲ್ ಕೊಡಬಾರದು. ಪೂರ್ತಿ ಕರೆಯನ್ನೇ ಮಾಡಬೇಕು.

ಯಾರು ಹೆಚ್ಚು, ಯಾರು ಉದ್ದ?

● ಅಮೆರಿಕದ ಪ್ಯೂ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹದಿಹರೆಯದ ಹುಡುಗಿಯ ಫೋನಿನಲ್ಲಿ ದಿನಕ್ಕೆ ಸುಮಾರು 80 ಮೆಸೇಜು ಹೋಗಿಬರುತ್ತಿದ್ದರೆ ಹುಡುಗನ ಫೋನಿನಲ್ಲಿ 30.

● ಐದು ವರ್ಷದ ಬಳಿಕ ಅಲ್ಲಿಯದೇ 403 ಶಾಲಾ ಮಕ್ಕಳ ಅಧ್ಯಯನದಲ್ಲಿ ಎಣಿಕೆಯ ಅಂತರ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಆದರೆ ಫೋನನ್ನು ಮತ್ತೆಮತ್ತೆ ತೆಗೆದು ನೋಡುವ ಚಡಪಡಿಕೆ ಹುಡುಗಿಯರಲ್ಲಿ ಹೆಚ್ಚಿತ್ತು. ಹುಡುಗರ ಮೆಸೇಜಿನಲ್ಲಿ ಮಾಹಿತಿ ಹೆಚ್ಚು, ಹುಡುಗಿಯರದ್ದರಲ್ಲಿ ಸ್ನೇಹ-ಸಂಬಂಧದ ಮಾತು ಹೆಚ್ಚಿರಬಹುದು. ಅದೇ ಕಾರಣವಿರಬಹುದು ಎಂದು ಸಂಶೋಧಕರು ಊಹಿಸಿದರು.

● ಸಂಶೋಧಕ ರಿಚ್ ಲಿಂಗ್ ನಾರ್ವೆಯ ಜನಸಾಮಾನ್ಯರ ಎಸ್ಸೆಮ್ಮೆಸ್ ಸಂಗ್ರಹಿಸಿ 2005ರಲ್ಲಿ ಬರೆದರು: ಹೆಂಗಸರ ಮೆಸೇಜು ಹೆಚ್ಚು ಉದ್ದ. ಆರಂಭದಲ್ಲಿ ಕುಶಲ, ಕೊನೆಯಲ್ಲಿ ಬೀಳ್ಕೊಡುವ ಮಾತು ಇರುವುದೂ ಅವರಲ್ಲೇ ಹೆಚ್ಚು.

● ಪದ ಕತ್ತರಿಸಿ ಬರೆಯುವವರು ಗಂಡಸರೇ? ಇಟಲಿಯ ಒಂದು ಟಿವಿ ವಾಹಿನಿಗೆ ಬಂದ ಎಸ್ಸೆಮ್ಮೆಸ್‌ಗಳನ್ನು ಸೂಸನ್ ಹೆರಿಂಗ್ ಮತ್ತು ಅಸ್ತಾ ಜೆಲೆಂಕೌಸ್ಕೈಟೆ ಪರಿಶೀಲಿಸಿದಾಗ ಉಲ್ಟಾ ಉತ್ತರ ಸಿಕ್ಕಿತು. ಹೆಂಗಸರೇ ಹೆಚ್ಚು ಪದಗಳನ್ನು ಮೊಟಕು ಮಾಡಿದ್ದರು. ಹೇಳುವುದು ಬಹಳವಿತ್ತು, ಜಾಗ ಮಾತ್ರ 160.

● ಸಂಬಂಧ ಬೆಸೆಯುವ ಮಾತು, ವರದಿ ಒಪ್ಪಿಸುವ ಮಾತು ಎಂಬ ಎರಡು ಬಗೆಗಳನ್ನು ಹೇಳಿ ಮೊದಲನೆಯದು ಹೆಂಗಸರಲ್ಲಿ, ಎರಡನೆಯದು ಗಂಡಸರಲ್ಲಿ ಹೆಚ್ಚು ಎಂದವರು ಭಾಷಾಶಾಸ್ತ್ರಜ್ಞೆ ಡೆಬೊರಾ ಟ್ಯಾನನ್. ಅವರ ಪುಸ್ತಕ ಬಂದದ್ದು 1990ರಲ್ಲಿ, ಮೊದಲ ಎಸ್ಸೆಮ್ಮೆಸ್ಸಿಗೂ ಎರಡು ವರ್ಷ ಮುಂಚೆ.

● ಹೆಂಗಸರು ಗಂಡಸರಿಗಿಂತ ಮೂರು ಪಟ್ಟು ಮಾತಾಡುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ. 2007ರಲ್ಲಿ ಮಥಿಯಾಸ್ ಮೆಹ್ಲ್ ತಂಡ ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿ ಎಣಿಸಿತು. ಇಬ್ಬರದ್ದೂ ದಿನಕ್ಕೆ ಸುಮಾರು 16,000 ಪದ.

ಚುಕ್ಕಿ, ಉದ್ಗಾರ, ಎಮೋಜಿ

● ಉದ್ಗಾರ ಚಿಹ್ನೆ ಬಳಸುವ ಹೆಂಗಸರು ಭಾವುಕರೇ? ಕ್ಯಾರಲ್ ವಾಸೆಲೆಸ್ಕಿ 2006ರಲ್ಲಿ ಇದನ್ನು ಪರೀಕ್ಷಿಸಿದರು. ಹೆಂಗಸರು ಅದನ್ನು ಹೆಚ್ಚು ಬಳಸುವುದು ನಿಜ. ಆದರೆ ಅದು ಉದ್ವೇಗದ ಗುರುತಾಗಿರುವುದು ಕಡಿಮೆ, ಸ್ನೇಹದ ಗುರುತಾಗಿರುವುದೇ ಹೆಚ್ಚು.

● ಚುಟುಕು ಉತ್ತರದ ಕೊನೆಗೆ ಪೂರ್ಣವಿರಾಮ ಇಟ್ಟರೆ ಓದಿದವರಿಗೆ ಅದು ಮನಸ್ಸಿಲ್ಲದ ಉತ್ತರದಂತೆ ಕಾಣುತ್ತದೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ 126 ವಿದ್ಯಾರ್ಥಿಗಳ ಮೇಲಿನ ಪ್ರಯೋಗ 2015ರಲ್ಲಿ ಇದನ್ನು ತೋರಿಸಿತು. ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ಓದಿದಾಗ ಹಾಗೆ ಅನ್ನಿಸಲಿಲ್ಲ.

● ನಗುಮುಖದ ಗುರುತುಗಳನ್ನು ಹೆಂಗಸರೇ ಹೆಚ್ಚು ಬಳಸುತ್ತಾರೆ. ಆದರೆ ಗಂಡಸರು, ಹೆಂಗಸರು ಇಬ್ಬರೂ ಇರುವ ಗುಂಪಿಗೆ ಬಂದಾಗ ಗಂಡಸರೂ ಧಾರಾಳವಾಗಿ ಬಳಸತೊಡಗುತ್ತಾರೆ. ಅಲೀಶಿಯಾ ವುಲ್ಫ್ 2000ದಲ್ಲಿ ಕಂಡದ್ದು ಇದು. ಗಂಡಸರ ರೀತಿಗೆ ಹೆಂಗಸರು ಬದಲಾಗಲಿಲ್ಲ, ಹೆಂಗಸರ ರೀತಿಗೆ ಗಂಡಸರು ಬದಲಾದರು.

● ಜಪಾನಿನ ಶಿಗೆತಾಕಾ ಕುರಿತಾ 1999ರಲ್ಲಿ ಡೊಕೊಮೊ ಕಂಪನಿಗಾಗಿ ರೂಪಿಸಿದ ಎಮೋಜಿಗಳು 176. ಮುಂದೆ ಎಲ್ಲರ ಫೋನಿಗೂ ಬಂದ ಎಮೋಜಿಗಳಲ್ಲಿ ಪೊಲೀಸ್ ಗಂಡಸು, ಕಟ್ಟಡ ಕೆಲಸದವನು ಗಂಡಸು. ಹೆಂಗಸಿಗೆ ಉಳಿದದ್ದು ಮದುಮಗಳು, ರಾಜಕುಮಾರಿ, ನರ್ತಕಿಯ ಚಿತ್ರಗಳು. ವೈದ್ಯೆ, ವಿಜ್ಞಾನಿ, ರೈತ ಮಹಿಳೆ ಬಂದದ್ದು 2016ರಲ್ಲಿ.

ನಮ್ಮ ಮನೆಗಳಲ್ಲಿ

● ಮೆಸೇಜಿನ ಶೈಲಿಗಿಂತ ದೊಡ್ಡ ಅಂತರ ಫೋನಿನಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಾನೇ ಬಳಸುವ ಮೊಬೈಲು ಇರುವ ಮಹಿಳೆಯರು ದೇಶದಲ್ಲಿ ನೂರಕ್ಕೆ ಸುಮಾರು 54. ಕರ್ನಾಟಕದಲ್ಲಿ 62, ಪೋರೂರಿರುವ ತಮಿಳುನಾಡಿನಲ್ಲಿ 75.

● ಅದೇ ಸಮೀಕ್ಷೆಯಲ್ಲಿ, ಎಂದಾದರೂ ಇಂಟರ್ನೆಟ್ ಬಳಸಿದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 62, ಹೆಂಗಸರಲ್ಲಿ 35. ತಮಿಳುನಾಡಿನಲ್ಲಿ 70 ಮತ್ತು 47. ಇಂಟರ್ನೆಟ್ಟೇ ಇಲ್ಲದವಳಿಗೆ ವಾಟ್ಸ್ಆ್ಯಪ್ ಎಲ್ಲಿಂದ ಬರಬೇಕು?

● ಫೋನಿದ್ದರೆ ಸಾಲದು, ಓದಲೂ ಬರಬೇಕು. ಸ್ವಂತಕ್ಕೆ ಮೊಬೈಲು ಇರುವ ಮಹಿಳೆಯರಲ್ಲಿ ಎಸ್ಸೆಮ್ಮೆಸ್ ಓದಬಲ್ಲವರು ನೂರಕ್ಕೆ ಸುಮಾರು 71. ಉಳಿದವರಿಗೆ ಧ್ವನಿ ಮೆಸೇಜೇ ಆಸರೆ. ವಾಟ್ಸ್ಆ್ಯಪ್‌ಗೆ ಆ ಸೌಲಭ್ಯ ಬಂದದ್ದು 2013ರಲ್ಲಿ.

● ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ 199 ಮಹಿಳೆಯರನ್ನು ಮಾತಾಡಿಸಿ ನಿತ್ಯಾ ಸಾಂಬಶಿವನ್ ಮತ್ತಿತರರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಮನ ಕಲಕುತ್ತದೆ. ಗಂಡ, ಅತ್ತೆ, ಮಕ್ಕಳು ಎಲ್ಲರೂ ತೆಗೆದು ನೋಡುವ ಫೋನು ಅದು. ಹಾಗಾಗಿ ಓದಿದ ಮೆಸೇಜನ್ನು ಕೂಡಲೇ ಅಳಿಸುವುದು, ಆ್ಯಪಿಗೆ ಬೀಗ ಹಾಕುವುದು ಅವರ ನಿತ್ಯದ ಅಭ್ಯಾಸ. ಅವಳ ಮೆಸೇಜು ಚುಟುಕಾಗಿದ್ದರೆ ಬೇರೆ ಯಾರೋ ಓದುತ್ತಾರೆಂಬ ಅಳುಕೂ ಅದಕ್ಕೆ ಕಾರಣವಿರಬಹುದು.

● ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹೆಣ್ಣಿನ ಸಂಪರ್ಕಕ್ಕೆ ಪದೇಪದೇ ಯತ್ನಿಸುವ, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವ ಗಂಡಸಿನ ನಡೆ ಅಪರಾಧ. 2013ರಲ್ಲಿ ದಂಡ ಸಂಹಿತೆಗೆ ಸೇರಿದ ಈ ನಿಯಮ ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲವೇ 3 ವರ್ಷದವರೆಗೆ ಜೈಲು. ಮಹಿಳಾ ಸಹಾಯವಾಣಿ 181.

ಇಬ್ಬರಿಗೂ ಒಂದೇ

● 2015ರ ಡಿಸೆಂಬರ್ ಮೊದಲ ವಾರ ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟು ಅಡ್ಯಾರ್ ನದಿ ಉಕ್ಕಿದಾಗ ಪೋರೂರಿನ ನೆರೆಯ ಮಣಪಾಕ್ಕಂ, ಮುಗಲಿವಾಕ್ಕಂ ಮುಳುಗಿದವು. ಕರೆಂಟು ಹೋಯಿತು, ಮೊಬೈಲು ಸಿಗ್ನಲ್ಲೂ ಕೈಕೊಟ್ಟಿತು. ಇಂಥ ಹೊತ್ತಿನಲ್ಲಿ ನೆನಪಿಡಿ: ಎಸ್ಸೆಮ್ಮೆಸ್ ಹೋಗುವ ದಾರಿ ಧ್ವನಿ ಕರೆಯ ದಾರಿಗಿಂತ ಬೇರೆ. ಸಿಗ್ನಲ್ ಕ್ಷೀಣವಾಗಿ ಕರೆ ಸಿಗದಿದ್ದರೂ ‘ಕ್ಷೇಮ’ ಎಂಬ ಎಸ್ಸೆಮ್ಮೆಸ್ ತಲುಪಬಹುದು.

● 2012ರ ಆಗಸ್ಟಿನಲ್ಲಿ ಸುಳ್ಳು ಮೆಸೇಜುಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು 15 ದಿನ ತಡೆಯಿತು.

● 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ಒಬ್ಬ ಯುವಕನ ಜೀವ ತೆಗೆಯಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿ ಹಾಕಿತು. ನಂಬಿ ಮುಂದಕ್ಕೆ ಕಳಿಸುವ ತಪ್ಪಿಗೆ ಗಂಡು-ಹೆಣ್ಣಿನ ಭೇದವಿಲ್ಲ.

● ವಾಟ್ಸ್ಆ್ಯಪ್‌ನಲ್ಲಿ ಓದಿದ ಗುರುತಿನ ನೀಲಿ ಟಿಕ್ 2014ರ ನವೆಂಬರಿನಲ್ಲಿ ಬಂತು. ಅದು ಹೇಳುವುದು ಮೆಸೇಜು ತೆರೆದರು ಎಂದಷ್ಟೇ. ಉತ್ತರಿಸಲು ಬಿಡುವಿತ್ತು ಎಂದಲ್ಲ.

● ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ 2005ರಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸ ಕುರಿತ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟಿಗೆ ನೋಡಿದರು. ಹೆಚ್ಚಿನ ವ್ಯತ್ಯಾಸಗಳು ಬಹಳ ಚಿಕ್ಕವು, ಕೆಲವು ಇಲ್ಲವೇ ಇಲ್ಲ. ಇಬ್ಬರು ಗಂಡಸರ ನಡುವೆ, ಇಬ್ಬರು ಹೆಂಗಸರ ನಡುವೆ ಇರುವ ಅಂತರವೂ ಸಣ್ಣದೇನಲ್ಲ.

ಒಟ್ಟಿನಲ್ಲಿ ಬರೆಯುವ ರೀತಿಯಲ್ಲಿ ಒಂದಿಷ್ಟು ಭೇದ ಇದೆ, ಆದರೆ ನಾವು ನಂಬಿದಷ್ಟಿಲ್ಲ. ನಿಜವಾದ ಭೇದ ಇರುವುದು ಯಾರ ಕೈಯಲ್ಲಿ ಫೋನಿದೆ, ಯಾರಿಗೆ ಓದಲು ಬರುತ್ತದೆ, ಯಾರ ಮೆಸೇಜನ್ನು ಇನ್ಯಾರೋ ಓದುತ್ತಾರೆ ಎಂಬುದರಲ್ಲಿ. ಪೋರೂರಿನಿಂದ ಮಗ ಬರೀ ‘ಹ್ಞೂಂ’ ಎಂದು ಕಳಿಸಿದರೆ ಅದನ್ನು ಉದಾಸೀನ ಎಂದುಕೊಳ್ಳಬೇಡಿ. ಮಗಳು ಉದ್ದಕ್ಕೆ ಬರೆದರೆ ಪೂರ್ತಿ ಓದಿ ಉತ್ತರಿಸಿ. ಮನೆಯ ಹೆಣ್ಣುಮಕ್ಕಳಿಗೆ ಅವರದೇ ಆದ ಫೋನು ಕೊಡಿಸಿ, ಓದಲು ಬಾರದ ಅಜ್ಜಿಗೆ ಧ್ವನಿ ಮೆಸೇಜು ಕಳಿಸುವುದನ್ನು ಕಲಿಸಿ. ಅವರಿಗೆ ಬಂದ ಮೆಸೇಜನ್ನು ಅವರೇ ಮೊದಲು ಓದಲಿ.